1 ಮೆಗಾಹರ್ಟ್ಸ್‌ನಲ್ಲಿ ಟ್ರಾನ್ಸಿಸ್ಟರ್ ಆಫ್ ಆಗುವುದೇ ಇಲ್ಲ, ಯಾಕೆ?

ಪ್ರಶ್ನೆ

ಮೂರು ಸಂಜೆಯಿಂದ ಇದರ ಮುಂದೆಯೇ ಕೂತಿದ್ದೇನೆ. ಬ್ರೆಡ್‌ಬೋರ್ಡ್ ಮೇಲೆ ಇರುವುದು ಒಂದೇ ಒಂದು 2ಎನ್3904 ಟ್ರಾನ್ಸಿಸ್ಟರ್. ಎಮಿಟರ್ ಗ್ರೌಂಡ್‌ಗೆ, ಕಲೆಕ್ಟರ್‌ಗೆ 5 ವೋಲ್ಟ್‌ನಿಂದ 1ಕೆ ರೆಸಿಸ್ಟರ್, ಬೇಸ್‌ಗೂ 1ಕೆ. ಇನ್‌ಪುಟ್ 0ಯಿಂದ 5 ವೋಲ್ಟ್‌ನ ಸ್ಕ್ವೇರ್ ವೇವ್.

1 ಕಿಲೋಹರ್ಟ್ಸ್‌ನಲ್ಲಿ ಕಲೆಕ್ಟರ್ ಸಿಗ್ನಲ್ ಕತ್ತರಿಸಿ ಇಟ್ಟಂತಿದೆ. 100ಕ್ಕೆ ಹೋದರೆ ಮೇಲೇಳುವುದು ತಡ. 1 ಮೆಗಾಹರ್ಟ್ಸ್‌ಗೆ ಬಂದರೆ ಗೆರೆ ನೆಲಕ್ಕೇ ಅಂಟಿಕೊಂಡಿದೆ. ಡೇಟಾಶೀಟ್‌ನಲ್ಲಿ ಎಫ್‌ಟಿ (ಕರೆಂಟ್ ಗೇನ್ ಒಂದಕ್ಕೆ ಇಳಿಯುವ ಫ್ರೀಕ್ವೆನ್ಸಿ) 300 ಮೆಗಾಹರ್ಟ್ಸ್ ಅಂತ ಇದೆ ಅಲ್ವಾ? ಟ್ರಾನ್ಸಿಸ್ಟರ್ ಬದಲಿಸಿ ನೋಡಿದೆ, ಹೊಸದೂ ಹಾಗೇ. ಬ್ರೆಡ್‌ಬೋರ್ಡ್‌ನದ್ದೇ ತಪ್ಪಾ?

ಉತ್ತರ 1

ಬ್ರೆಡ್‌ಬೋರ್ಡ್ ಮೇಲೆ ಈಗಲೇ ಅನುಮಾನ ಬೇಡ. ಅಕ್ಕಪಕ್ಕದ ಸಾಲುಗಳ ನಡುವೆ ಇರುವುದು ಕೆಲವೇ ಪಿಕೊಫ್ಯಾರಡ್. ಒಂದು ಕೆಲಸ ಮಾಡಿ. 100 ಕಿಲೋಹರ್ಟ್ಸ್‌ನಲ್ಲಿ ಇನ್‌ಪುಟ್, ಕಲೆಕ್ಟರ್ ಎರಡನ್ನೂ ಒಟ್ಟಿಗೆ ಆಸಿಲೋಸ್ಕೋಪಿನಲ್ಲಿ ನೋಡಿ. ಇನ್‌ಪುಟ್ ಇಳಿದ ಕೂಡಲೇ ಕಲೆಕ್ಟರ್ ನಿಧಾನವಾಗಿ ಬಾಗಿ ಏರಿದರೆ ಅದು ಕೆಪಾಸಿಟೆನ್ಸ್. ಸ್ವಲ್ಪ ಹೊತ್ತು ಸುಮ್ನೆ ಮಲಗಿದ್ದು ಆಮೇಲೆ ಎದ್ದರೆ ಅದು ಸ್ಟೋರೇಜ್ ಟೈಮ್, ಅಂದರೆ ಬೇಸ್‌ನಲ್ಲಿ ತುಂಬಿದ ಚಾರ್ಜ್ ಖಾಲಿಯಾಗಲು ಹಿಡಿಯುವ ಹೊತ್ತು.

ನಿಮ್ಮದು ಎರಡನೆಯದು ಅಂತ ನನ್ನ ಲೆಕ್ಕ. ಕಲೆಕ್ಟರ್‌ನಲ್ಲಿ ಹರಿಯುವುದೇ 5 ಮಿಲಿಆಂಪ್, ನೀವು ಬೇಸ್‌ಗೆ 4.3 ಕೊಡುತ್ತಿದ್ದೀರಿ. ಬೇಸ್‌ನಲ್ಲಿ ಚಾರ್ಜ್ ತುಂಬಿ ತುಳುಕುತ್ತದೆ. ಇನ್‌ಪುಟ್ ಸೊನ್ನೆಯಾದಾಗ ಅದನ್ನು ಹೊರಗೆಳೆಯುವುದು 0.7 ಮಿಲಿಆಂಪ್ ಮಾತ್ರ. ಹಂಡೆ ತುಂಬಿಸಲು ದಪ್ಪ ನಲ್ಲಿ, ಖಾಲಿ ಮಾಡಲು ಸಣ್ಣ ತೂತು. ಎಫ್‌ಟಿ ಅಂಕಿ ಸ್ಯಾಚುರೇಟ್ ಆಗದ (ಪೂರ್ತಿ ಆನ್ ಆಗಿ ಬೇಸ್‌ನಲ್ಲಿ ಹೆಚ್ಚುವರಿ ಚಾರ್ಜ್ ತುಂಬಿಕೊಳ್ಳದ) ಟ್ರಾನ್ಸಿಸ್ಟರ್‌ನದು, ಇಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ.

ಬೇಸ್ ರೆಸಿಸ್ಟರ್ ಬರೀ 10ಕೆ ಮಾಡಿದರೂ ಸಾಲದು. ತುಂಬುವುದು ಹತ್ತು ಪಟ್ಟು ಕಡಿಮೆಯಾದರೆ ಖಾಲಿಯಾಗುವುದೂ ಅಷ್ಟೇ ಕಡಿಮೆ. 10ಕೆ ಹಾಕಿ, ಅದಕ್ಕೆ ಅಡ್ಡಲಾಗಿ (ಪ್ಯಾರಲಲ್ ಆಗಿ) 47 ಪಿಕೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಕೂರಿಸಿ. ಇನ್‌ಪುಟ್ ಇಳಿದ ಕ್ಷಣ ಆ ಕೆಪಾಸಿಟರೇ ಚಾರ್ಜನ್ನು ಎಳೆದು ಹಾಕುತ್ತದೆ. ಬಿಎಟಿ85 ಶಾಟ್ಕಿ ಡಯೋಡ್ ಇದ್ದರೆ ಅದೂ ಆಗುತ್ತದೆ: ಆನೋಡ್ ಬೇಸ್‌ಗೆ, ಕ್ಯಾಥೋಡ್ ಕಲೆಕ್ಟರ್‌ಗೆ. ಆಗ ಟ್ರಾನ್ಸಿಸ್ಟರ್ ಆಳವಾಗಿ ಸ್ಯಾಚುರೇಟ್ ಆಗುವುದೇ ಇಲ್ಲ.

ಉತ್ತರ 2

ಸ್ಕೋಪ್ ಪ್ರೋಬಿನ ಸ್ವಿಚ್ 1ಎಕ್ಸ್‌ನಲ್ಲಿದೆಯಾ (ಸಿಗ್ನಲ್ ತಗ್ಗಿಸದೆ ಹಾಗೇ ಕಳಿಸುವ ಸ್ಥಾನ) ನೋಡಿ. ಅಲ್ಲಿದ್ದರೆ ಕಲೆಕ್ಟರ್ ಮೇಲೆ ಸುಮಾರು 100 ಪಿಕೊಫ್ಯಾರಡ್ ನೇತುಹಾಕಿದಂತೆ. 1ಕೆ ಜೊತೆ ಸೇರಿದರೆ ಏರಲು 220 ನ್ಯಾನೊಸೆಕೆಂಡ್ ಬೇಕು. 10ಎಕ್ಸ್‌ನಲ್ಲಿ (ಹತ್ತನೇ ಒಂದಕ್ಕೆ ತಗ್ಗಿಸುವ ಸ್ಥಾನ) ಸುಮಾರು 15 ಪಿಕೊಫ್ಯಾರಡ್, ಅಷ್ಟೇ. ಸಪ್ಲೈ ಸ್ಥಿರವಾಗಿರಲು 5 ವೋಲ್ಟ್ ಸಾಲಿನಿಂದ ಗ್ರೌಂಡ್‌ಗೆ ಟ್ರಾನ್ಸಿಸ್ಟರ್ ಪಕ್ಕದಲ್ಲೇ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದನ್ನು ಚುಚ್ಚಿ.

ಪ್ರಶ್ನೆ ಕೇಳಿದವರು

ಇಬ್ಬರೂ ಹೇಳಿದ್ದು ಸರಿ. ಮೊದಲು ಅಳೆದೆ: ಕಲೆಕ್ಟರ್ 600 ನ್ಯಾನೊಸೆಕೆಂಡ್ ಮಲಗಿಯೇ ಇತ್ತು. 1 ಮೆಗಾಹರ್ಟ್ಸ್‌ನ ಅರ್ಧ ಸುತ್ತೇ 500. ಆಫ್ ಆಗುವ ಹೊತ್ತಿಗೆ ಮತ್ತೆ ಆನ್ ಮಾಡುತ್ತಿದ್ದೆ. ಬರೀ 10ಕೆಯಲ್ಲಿ 500ರ ಹತ್ತಿರ ಬಂತು. 47 ಪಿಕೊಫ್ಯಾರಡ್ ಕೂರಿಸಿದೊಡನೆ 40ಕ್ಕೆ ಬಿತ್ತು! ಪ್ರೋಬ್ 1ಎಕ್ಸ್‌ನಲ್ಲೇ ಇತ್ತು, ಅದನ್ನೂ ಬದಲಿಸಿದೆ.

ಈಗ ಗೆರೆ 5 ವೋಲ್ಟ್ ಮುಟ್ಟಿ ನಿಲ್ಲುತ್ತದೆ. ಇಳಿಯುವ ಅಂಚಿನಲ್ಲಿ ಮಾತ್ರ ಒಂದಷ್ಟು ನಡುಕ ಇದೆ.

ಉತ್ತರ 2

ಆ ನಡುಕ ಪ್ರೋಬಿನ ಉದ್ದ ಗ್ರೌಂಡ್ ತಂತಿಯದ್ದಿರಬೇಕು. ಕ್ಲಿಪ್ ತೆಗೆದು, ತುದಿಯ ಲೋಹದ ಉಂಗುರಕ್ಕೆ ಗಿಡ್ಡ ತಂತಿ ಸುತ್ತಿ, ಎಮಿಟರ್ ಪಕ್ಕದ ರಂಧ್ರಕ್ಕೇ ಚುಚ್ಚಿ ನೋಡಿ.

ಪ್ರಶ್ನೆ ಕೇಳಿದವರು

ಎರಡು ಸೆಂಟಿಮೀಟರ್ ತಂತಿ ಸುತ್ತಿದೆ. ನಡುಕ ಹೆಚ್ಚುಕಡಿಮೆ ಹೋಯಿತು. ಇನ್ನು ಡಯೋಡ್ ಹಾಕಿಯೂ ಅಳೆಯುತ್ತೇನೆ.