ಅಂಗಡಿಯಲ್ಲಿ ತಿಳಿ ಬೂದು, ಮನೆಯಲ್ಲಿ ನೀಲಿ: ತಪ್ಪು ಪೇಂಟಿನದೋ ಬೆಳಕಿನದೋ?

ಹೊಸಮನೆ_ಮೈಸೂರು:
ಮೈಸೂರಿನಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಿದ್ದೇವೆ. ಹಾಲ್‌ಗೆಂದು ಶೇಡ್ ಕಾರ್ಡ್ ನೋಡಿ, ತುಸು ಮಣ್ಣಿನ ಛಾಯೆಯಿರುವ ತಿಳಿ ಬೂದು ಆರಿಸಿದೆವು. ಎರಡು ಕೋಟ್ ಮುಗಿದು ಒಣಗಿದ ಮೇಲೆ ನೋಡಿದರೆ ಹಗಲೆಲ್ಲ ಗೋಡೆ ನೀಲಿ ನೀಲಿ. ಪೂರ್ವದ ಚಿಕ್ಕ ಕಿಟಕಿಯ ಪಕ್ಕದಲ್ಲಿ ಹಸಿರು ಛಾಯೆ ಬೇರೆ. ರಾತ್ರಿ ದೀಪ ಹಾಕಿದರೆ ಮಾತ್ರ ನಾವು ಕೊಂಡ ಬಣ್ಣ. ಅಂಗಡಿಯವರು ಮಿಶ್ರಣ ಕೆಡಿಸಿದ್ದಾರೆ ಎಂದು ಪೇಂಟರ್ ಹೇಳುತ್ತಾರೆ, ಯಂತ್ರ ತಪ್ಪುವುದಿಲ್ಲ ಎಂದು ಅಂಗಡಿಯವರು. ಮುಂದಿನ ತಿಂಗಳು ಗೃಹಪ್ರವೇಶ. ಫೋಟೊ ಹಾಕಿದ್ದೇನೆ. ಎಲ್ಲವನ್ನೂ ಮತ್ತೆ ಬಳಿಸಬೇಕೇ?

ಕೆನೆಬಣ್ಣ:
ಬೂದು ನಮ್ಮ ಮನೆಗಳಿಗೆ ಹೊಂದುವುದೇ ಇಲ್ಲ. ಕೆನೆಬಣ್ಣ ಬಳಿಸಿ ನೆಮ್ಮದಿಯಾಗಿರಿ.

ಕುಂಚ_ಕೆಲಸ:
ಸ್ವಲ್ಪ ತಡೆಯಿರಿ, ಈಗಲೇ ದುಡ್ಡು ಸುರಿಯಬೇಡಿ. ಫೋಟೊದಿಂದ ಏನೂ ತಿಳಿಯುವುದಿಲ್ಲ. ಮೊಬೈಲ್ ಕ್ಯಾಮೆರಾ ಬಣ್ಣವನ್ನು ತನಗೆ ಸರಿಕಂಡಂತೆ ತಿದ್ದಿಕೊಂಡಿರುತ್ತದೆ. ದೊಡ್ಡ ಕಿಟಕಿ ಯಾವ ದಿಕ್ಕಿಗಿದೆ? ಚಿಕ್ಕ ಕಿಟಕಿಯ ಆಚೆ ಏನಿದೆ? ಹಸಿರು ಯಾವ ಹೊತ್ತಿನಲ್ಲಿ ಹೆಚ್ಚು? ಬಲ್ಬಿನ ಡಬ್ಬಿಯ ಮೇಲೆ ಎಷ್ಟು ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಎಂದಿದೆ?

ಹೊಸಮನೆ_ಮೈಸೂರು:
ದೊಡ್ಡ ಕಿಟಕಿ ಉತ್ತರಕ್ಕೆ, ರಸ್ತೆಯ ಕಡೆಗಿದೆ. ಚಿಕ್ಕದರ ಆಚೆ ನಾಲ್ಕೈದು ಅಡಿ ದೂರದಲ್ಲಿ ಪಕ್ಕದ ಮನೆಯ ಗೋಡೆ, ಅದಕ್ಕೆ ಗಿಳಿಹಸಿರು. ಮಧ್ಯಾಹ್ನ ಒಂದರ ಹೊತ್ತಿಗೆ ಹಸಿರು ಎದ್ದು ಕಾಣುತ್ತದೆ. ಬಲ್ಬು 3000 ಕೆಲ್ವಿನ್.

ಕುಂಚ_ಕೆಲಸ:
ನಿಮ್ಮ ಪ್ರಶ್ನೆಗೆ ಉತ್ತರ ಹೆಚ್ಚುಕಡಿಮೆ ಇದರಲ್ಲೇ ಇದೆ. ಆದರೂ ಮೊದಲು ಪೇಂಟರ್ ಮತ್ತು ಅಂಗಡಿಯವರ ಜಗಳ ಬಿಡಿಸೋಣ. ಡಬ್ಬಿಯಲ್ಲಿ ಉಳಿದ ಪೇಂಟನ್ನು ಚೆನ್ನಾಗಿ ಕಲಕಿ, ಪ್ರೈಮರ್ ಹಚ್ಚಿದ ಹಲಗೆಗೆ ಎರಡು ಕೋಟ್ ಬಳಿಯಿರಿ. ಪೂರ್ತಿ ಒಣಗಲಿ, ಹಸಿ ಎಮಲ್ಷನ್ ಬೇರೆಯೇ ಕಾಣುತ್ತದೆ. ಅದರ ಮೇಲೆ ಶೇಡ್ ಕಾರ್ಡ್ ಇಟ್ಟು ಉತ್ತರದ ಕಿಟಕಿಯ ಬಳಿ, ತಾರಸಿಯ ಬಿಸಿಲಿನಲ್ಲಿ, ರಾತ್ರಿ ಬಲ್ಬಿನಡಿ ನೋಡಿ. ಎಲ್ಲೆಡೆ ಎರಡೂ ಒಟ್ಟಿಗೇ ಬದಲಾದರೆ ಪೇಂಟ್ ಸರಿಯಿದೆ. ಎಲ್ಲೆಡೆಯೂ ಬೇರೆಯಾಗಿ ಕಂಡರೆ ಮಿಶ್ರಣ ತಪ್ಪಿದೆ, ಡಬ್ಬಿ ಹಿಡಿದು ಅಂಗಡಿಗೆ ಹೋಗಿ. ಒಂದು ಬೆಳಕಿನಲ್ಲಿ ಹೊಂದಿ ಇನ್ನೊಂದರಲ್ಲಿ ಹೊಂದದಿದ್ದರೆ ಅದು ಮೆಟಾಮೆರಿಸಂ; ಬೇರೆ ವರ್ಣದ್ರವ್ಯಗಳಿಂದ ಅದೇ ಬಣ್ಣ ತರಲು ಹೋದಾಗ ಹೀಗಾಗುತ್ತದೆ.

ಚಿಕ್ಕ ಕಿಟಕಿಗೆ ರಟ್ಟು ಅಡ್ಡ ಹಿಡಿದೂ ನೋಡಿ. ಬಿಸಿಲು ನೆತ್ತಿ ದಾಟಿ ಪಕ್ಕದವರ ಪಶ್ಚಿಮದ ಗೋಡೆಗೆ ಬಿದ್ದಾಗ, ಆ ಗಿಳಿಹಸಿರು ನಿಮ್ಮ ಕಿಟಕಿಯಿಂದ ಒಳಗೆ ಬರುತ್ತಿದೆ ಎಂದು ನನ್ನ ಅನುಮಾನ. ಬೂದು, ಮಾಸಲು ಬಿಳಿಯಂಥ ಮೆದು ಬಣ್ಣಗಳಿಗೆ ತಮ್ಮದೇ ಜೋರಿಲ್ಲ, ಬಂದ ಬೆಳಕಿನ ಬಣ್ಣಕ್ಕೆ ಬೇಗ ತಿರುಗುತ್ತವೆ. ಸೀರೆಯನ್ನು ಅಂಗಡಿಯ ಬಾಗಿಲಾಚೆ ತಂದು ಬಿಸಿಲಿಗೆ ಹಿಡಿದು ನೋಡುವ ಜನ ನಾವು, ಪೇಂಟನ್ನು ಮಾತ್ರ ಅಂಗಡಿಯ ದೀಪದಡಿ ಆರಿಸಿ ಬರುತ್ತೇವೆ!

ಅಕ್ಷಾಂಶ12:
ನೀಲಿಗೆ ಕಾರಣ ಉತ್ತರದ ಆಕಾಶ. ನಡುಹಗಲಿನ ನೇರ ಬಿಸಿಲು ಸುಮಾರು 5500 ಕೆಲ್ವಿನ್, ಮೋಡದ ಬೆಳಕು 6500ರ ಆಸುಪಾಸು, ಶುಭ್ರ ನೀಲಿ ಆಕಾಶದಿಂದ ಬರುವ ಬೆಳಕು 10,000ವನ್ನೂ ಮೀರುತ್ತದೆ. ಸಂಖ್ಯೆ ಏರಿದಷ್ಟೂ ನೀಲಿ. ಈಗ ಜನವರಿ: ಸೂರ್ಯ ದಕ್ಷಿಣದಲ್ಲಿದ್ದಾನೆ, ಆಕಾಶದಲ್ಲಿ ಮೋಡವಿಲ್ಲ, ನಿಮ್ಮ ಉತ್ತರದ ಕಿಟಕಿಗೆ ಬಿಸಿಲಿನ ಎಳೆಯೂ ಇಲ್ಲ. ವರ್ಷದಲ್ಲಿ ಗೋಡೆ ಅತಿ ನೀಲಿಯಾಗಿ ಕಾಣುವ ಕಾಲದಲ್ಲೇ ನೀವು ಅದನ್ನು ನೋಡುತ್ತಿದ್ದೀರಿ.

ಉತ್ತರದ ಕೋಣೆಗೆ ಹಳದಿ ಬೆರೆತ ಬಣ್ಣವನ್ನೇ ಬಳಿಯಿರಿ ಎಂದು ಬ್ರಿಟನ್ನಿನ ಜಾಲತಾಣಗಳು ಹೇಳುವುದನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಲಂಡನ್ನಿನಲ್ಲಿ ಸೂರ್ಯ ಡಿಸೆಂಬರಿನ ನಡುಹಗಲಿಗೂ ಸುಮಾರು 15 ಡಿಗ್ರಿ ಮಾತ್ರ ಏರುತ್ತಾನೆ, ಮೈಸೂರಿನಲ್ಲಿ 54. ಅದಕ್ಕಿಂತ ಮುಖ್ಯವಾಗಿ, ಸುಮಾರು ಏಪ್ರಿಲ್ 22ರಿಂದ ಆಗಸ್ಟ್ 20ರವರೆಗೆ ಮೈಸೂರಿನ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ನಡುಹಗಲಿನ ಬಿಸಿಲನ್ನು ಸಜ್ಜಾ ತಡೆದೀತು, ಬೆಳಿಗ್ಗೆ ಮತ್ತು ಸಂಜೆಯ ಓರೆ ಬಿಸಿಲು ಒಳಗೆ ಬರುತ್ತದೆ. ಈಗ ನೀಲಿಗೆ ಹೆದರಿ ಗಾಢ ಹಳದಿ ಛಾಯೆ ಬಳಿಸಿದರೆ ಮೇ ತಿಂಗಳಲ್ಲಿ ಅರಿಸಿನದ ಗೋಡೆ ಎಂದು ಇಲ್ಲಿಗೇ ಬಂದು ದೂರುತ್ತೀರಿ.

ಹೊಸಮನೆ_ಮೈಸೂರು:
ಹಲಗೆಯೂ ಕಾರ್ಡೂ ಎಲ್ಲ ಬೆಳಕಿನಲ್ಲಿ ಒಂದೇ. ಅಂಗಡಿಯವರು ಗೆದ್ದರು. ರಟ್ಟು ಅಡ್ಡ ಹಿಡಿದ ಕೂಡಲೇ ಹಸಿರು ಮಾಯ. ಇನ್ನೊಂದು ವಿಚಿತ್ರ: ಅದೇ ಹಲಗೆ ತೇಗದ ಬಾಗಿಲಿನ ಪಕ್ಕದಲ್ಲಿ ಇನ್ನಷ್ಟು ನೀಲಿ.

ಕುಂಚ_ಕೆಲಸ:
ವಿಚಿತ್ರವೇನಲ್ಲ, ತೇಗದ ಕೆಂಗಂದು ಪಕ್ಕದಲ್ಲಿದ್ದರೆ ಕಣ್ಣಿಗೆ ಬೂದು ತಣ್ಣಗೆ ಕಾಣುತ್ತದೆ. ಚಿಕ್ಕ ಕಿಟಕಿಗೆ ತುಸು ಗುಲಾಬಿ ಬೆರೆತ ಕೆನೆಬಣ್ಣದ ದಪ್ಪ ಪರದೆ ಹಾಕಿ, ಹಸಿರು ತಗ್ಗುತ್ತದೆ. ಬಿಳಿ ತೆಳುಪರದೆಯಿಂದ ಹಸಿರು ಹಾಗೇ ಸೋರುತ್ತದೆ. ನೀಲಿಗೆ, ದೊಡ್ಡ ಕಿಟಕಿಯ ಎದುರಿನ ಗೋಡೆಯೊಂದನ್ನು ಮಾತ್ರ ಅದೇ ಕಾರ್ಡಿನಲ್ಲಿ ಸ್ವಲ್ಪ ಬೆಚ್ಚಗಿನ ಶೇಡಿಗೆ ಬದಲಿಸಿದರೆ ಸಾಕು. ಮಾದರಿಯನ್ನು ಈಗಿನ ಗೋಡೆಯ ಮೇಲೆ ಬಳಿಯಬೇಡಿ, ಸುತ್ತಲಿನ ನೀಲಿ ಕಣ್ಣಿಗೆ ಮೋಸ ಮಾಡುತ್ತದೆ. ದೊಡ್ಡ ಹಲಗೆಗೆ ಬಳಿದು, ಅಂಚಿನಲ್ಲಿ ಬಿಳಿ ಬಿಟ್ಟು, ಅದೇ ಗೋಡೆಗೆ ಒರಗಿಸಿಡಿ.

ಹೊಸಮನೆ_ಮೈಸೂರು:
ಗೃಹಪ್ರವೇಶಕ್ಕೆ ಮೊದಲೇ ಬಳಿಸಿಬಿಡಲೇ?

ಕುಂಚ_ಕೆಲಸ:
ಬೇಡ, ಹೋಮ ಮುಗಿಯಲಿ. ಹೊಗೆ ಹಿಡಿದ ಗೋಡೆಯನ್ನು ಒರೆಸಿ ಬಳಿಸಿದರೆ ಒಂದೇ ಖರ್ಚು.