ಅಪ್‌ಡೇಟ್: ಆಂಟಿವೈರಸ್ ಕೊಳ್ಳಲಿಲ್ಲ, ಡಿಫೆಂಡರನ್ನೇ ಸರಿಪಡಿಸಿಕೊಂಡೆ

ವಿಂಡೋಸ್ 11 ಇರುವ ಮನೆ ಕಂಪ್ಯೂಟರಿಗೆ ಹಣ ಕೊಟ್ಟು ಆಂಟಿವೈರಸ್ ಕೊಳ್ಳಬೇಕೇ, ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಆದ ಡಿಫೆಂಡರ್ ಸಾಕೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಡಿಫೆಂಡರನ್ನೇ ಉಳಿಸಿಕೊಂಡಿದ್ದೇನೆ.

ಮೊದಲು ಅದು ಆನ್ ಆಗುತ್ತಿರಲಿಲ್ಲ; ತೊಡಕು ಇದ್ದದ್ದು ಹಳೆಯ ಟ್ರಯಲ್ ಆಂಟಿವೈರಸ್‌ನಲ್ಲಿ. ಬೇರೊಂದು ಆಂಟಿವೈರಸ್ ಇದೆಯೆಂದು ಕಂಡರೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಮಾಮೂಲಿ ಅನ್‌ಇನ್‌ಸ್ಟಾಲ್ ಆದಮೇಲೂ ಅದರ ಡ್ರೈವರ್‌ಗಳು ಉಳಿದಿದ್ದವು. ಆ ಕಂಪನಿಯದೇ ರಿಮೂವಲ್ ಟೂಲ್ ಓಡಿಸಿ ರೀಸ್ಟಾರ್ಟ್ ಮಾಡಿದ ಮೇಲೆಯೇ ರಿಯಲ್‌ ಟೈಮ್ ಪ್ರೊಟೆಕ್ಷನ್ (ಡಿಫೆಂಡರಿನ ಸದಾ ಕಾವಲು) ಆನ್ ಆಯಿತು. ಆಂಟಿವೈರಸ್ ಕೆಲಸ ಮಾಡುತ್ತಿದೆಯೇ ಎಂದು ನೋಡಲೆಂದೇ ಇರುವ 68 ಅಕ್ಷರಗಳ ಐಕಾರ್ ಪರೀಕ್ಷಾ ಫೈಲ್ ಇಳಿಸಿ ನೋಡಿದೆ, ತಕ್ಷಣ ಹಿಡಿಯಿತು. ಅದರಲ್ಲಿ ನಿಜವಾದ ವೈರಸ್ ಇರುವುದಿಲ್ಲ, ಧೈರ್ಯವಾಗಿ ಬಳಸಿ.

ರ‍್ಯಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ಹಣ ಕೇಳುವ ದುಷ್ಟ ತಂತ್ರಾಂಶ) ತಡೆಯಲು, ಅನುಮತಿಯಿಲ್ಲದ ಪ್ರೋಗ್ರಾಂಗಳು ಮುಖ್ಯ ಫೋಲ್ಡರ್ ಮುಟ್ಟದಂತೆ ಮಾಡುವ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಮೊದಲಿನಿಂದ ಆಫ್ ಇರುತ್ತದೆ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ರಕ್ಷಣೆಯ ಪುಟದ ಕೆಳಗಿರುವ ರ‍್ಯಾನ್ಸಮ್‌ವೇರ್ ವಿಭಾಗದಲ್ಲಿ ನಾವೇ ಆನ್ ಮಾಡಬೇಕು. ಆಮೇಲೆ ಕೆಲವು ಹಳೆಯ ತಂತ್ರಾಂಶಗಳು ಡಾಕ್ಯುಮೆಂಟ್ಸ್‌ನಲ್ಲಿ ಫೈಲ್ ಉಳಿಸಲಾಗದೆ ಎರರ್ ಕೊಡಬಹುದು. ಅದಕ್ಕಾಗಿ ಇಡೀ ರಕ್ಷಣೆ ಆಫ್ ಮಾಡಬೇಡಿ, ದಯವಿಟ್ಟು; ಅಲ್ಲೇ ಆ ಒಂದು ಪ್ರೋಗ್ರಾಂಗೆ ಅನುಮತಿ ಕೊಡಬಹುದು.

ಉಳಿದ ದುಡ್ಡು 1 ಟಿಬಿ ಹೊರ ಹಾರ್ಡ್ ಡಿಸ್ಕಿಗೆ ಹೋಯಿತು. ಇದೇ ಒಳ್ಳೆಯ ಖರ್ಚು ಎಂಬುದು ನನ್ನ ಅಭಿಪ್ರಾಯ. ಬ್ಯಾಕಪ್ ಮುಗಿದ ಕೂಡಲೇ ಕೇಬಲ್ ಕಳಚಿಡಿ, ಸಿಕ್ಕಿಸಿಯೇ ಬಿಟ್ಟರೆ ರ‍್ಯಾನ್ಸಮ್‌ವೇರ್ ಅದನ್ನೂ ಲಾಕ್ ಮಾಡಬಲ್ಲದು. ದಿನಬಳಕೆಗೆ ಎಲ್ಲ ಅಧಿಕಾರ ಇರುವ ಅಡ್ಮಿನ್ ಬದಲು ಸೀಮಿತ ಅಧಿಕಾರದ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿದ್ದೇನೆ.

ವಿಂಡೋಸ್ 10 ಬಗ್ಗೆ ಕೇಳಿದವರಿಗೆ: ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಷ್ಟು ದುಬಾರಿ ಆಂಟಿವೈರಸ್ ಹಾಕಿದರೂ ಅಪ್‌ಡೇಟ್ ಇಲ್ಲದೆ ಸಿಸ್ಟಮ್ಮಿನ ಒಳಗಿನ ತೂತು (ಭದ್ರತಾ ದೋಷ) ಮುಚ್ಚುವುದಿಲ್ಲ.