ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಬೆಲೆ ಹಾಕಲು ಹೋಗಿ 695 ಸಾಲು ನಲ್ (ಬೆಲೆಯೇ ಇಲ್ಲದ ಖಾಲಿ) ಆಗಿವೆ

ಕಲಿಕೆಗಾರ
ಮೈಎಸ್‌ಕ್ಯೂಎಲ್ 8.0, ದಿನಸಿ ಅಂಗಡಿಯ ಡೇಟಾಬೇಸ್. ‘ಸರಕು’ ಟೇಬಲ್‌ನಲ್ಲಿ 812 ಸಾಲು. ಹೋಲ್‌ಸೇಲ್‌ನವರ ದರಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದು, ಸಿಎಸ್‌ವಿ ಮಾಡಿ ‘ಹೊಸದರ’ ಟೇಬಲ್‌ಗೆ ತುಂಬಿದೆ. ಅದರಲ್ಲಿ 140 ಸಾಲು. ಎರಡರಲ್ಲೂ ಕೋಡ್, ಬೆಲೆ ಕಾಲಂ ಇವೆ. ಕೋಡ್ ಐದಂಕಿಯದು, ವರ್ಕ್ಯಾರ್ (ಪಠ್ಯವಾಗಿ ಉಳಿಸುವ ಕಾಲಂ). ಕಮಾಂಡ್ ಲೈನ್‌ನಲ್ಲಿ ಓಡಿಸಿದ್ದು ಇದು (ಕೀವರ್ಡ್ ಕನ್ನಡದಲ್ಲಿ ಬರೆದಿದ್ದೇನೆ):

ಅಪ್‌ಡೇಟ್ ಸರಕು ಸೆಟ್ ಬೆಲೆ = (ಸೆಲೆಕ್ಟ್ ಹ.ಬೆಲೆ ಫ್ರಮ್ ಹೊಸದರ ಹ ವೇರ್ ಹ.ಕೋಡ್ = ಸರಕು.ಕೋಡ್);

ಎರರ್ ಬರಲಿಲ್ಲ, ಆದರೆ 695 ಸಾಲುಗಳ ಬೆಲೆ ನಲ್. ರೋಲ್‌ಬ್ಯಾಕ್ (ಬದಲಾವಣೆ ರದ್ದು ಮಾಡುವ ಕಮಾಂಡ್) ಕೊಟ್ಟರೂ ವಾಪಸ್ ಬರಲಿಲ್ಲ. ನಿನ್ನೆ ರಾತ್ರಿಯ ಡಂಪ್ ಫೈಲ್ (ಡೇಟಾಬೇಸ್‌ನ ಬ್ಯಾಕಪ್) ಇದೆ.

ಜಾಯಿನ್‌ಪ್ರಿಯ
ನೀವು ಹಾಕಿದ ವೇರ್ ಬ್ರಾಕೆಟ್ ಒಳಗಿನ ಸೆಲೆಕ್ಟ್‌ಗೆ ಸೇರಿದ್ದು. ಹೊರಗಿನ ಅಪ್‌ಡೇಟ್‌ಗೆ ಷರತ್ತೇ ಇಲ್ಲ, ಹಾಗಾಗಿ 812 ಸಾಲನ್ನೂ ಮುಟ್ಟಿತು. ಹೊಸದರದಲ್ಲಿ ಕೋಡ್ ಸಿಗದ ಕಡೆ ಸೆಲೆಕ್ಟ್ ಕೊಡುವುದು ನಲ್. ಅದೇ ಬೆಲೆಯ ಜಾಗಕ್ಕೆ ಕೂತಿತು. ಎರಡು ಟೇಬಲ್‌ಗಳನ್ನು ಕೋಡ್ ನೋಡಿ ಜೋಡಿಸುವ ಜಾಯಿನ್ ಬಳಸಿದರೆ ಹೊಂದಿಕೆಯಾದ ಸಾಲು ಮಾತ್ರ ಬದಲಾಗುತ್ತವೆ:

ಅಪ್‌ಡೇಟ್ ಸರಕು ಸ ಜಾಯಿನ್ ಹೊಸದರ ಹ ಆನ್ ಹ.ಕೋಡ್ = ಸ.ಕೋಡ್ ಸೆಟ್ ಸ.ಬೆಲೆ = ಹ.ಬೆಲೆ;

ಮೊದಲು ಇದೇ ಜಾಯಿನ್ ಇಟ್ಟುಕೊಂಡು ಸ.ಕೋಡ್, ಸ.ಬೆಲೆ, ಹ.ಬೆಲೆ ಸೆಲೆಕ್ಟ್ ಮಾಡಿ ನೋಡಿ. ಎಷ್ಟು ಸಾಲು ಬಂದವು ಅಂತ ಎಣಿಸಿ. ಆಮೇಲೆ ಸ್ಟಾರ್ಟ್ ಟ್ರಾನ್ಸಾಕ್ಷನ್, ಅಪ್‌ಡೇಟ್, ಲೆಕ್ಕ ತಾಳೆಯಾದರೆ ಕಮಿಟ್. ಸ್ಟಾರ್ಟ್ ಟ್ರಾನ್ಸಾಕ್ಷನ್ ಕೊಡದಿದ್ದರೆ ಆಟೋಕಮಿಟ್ ಆಗಿ ಬದಲಾವಣೆ ಕೂಡಲೇ ಕಾಯಂ ಆಗಿಬಿಡುತ್ತದೆ, ರೋಲ್‌ಬ್ಯಾಕ್‌ಗೆ ಕೆಲಸವಿಲ್ಲ.

ವರ್ಕ್‌ಬೆಂಚ್ (ಮೈಎಸ್‌ಕ್ಯೂಎಲ್‌ನ ಕಿಟಕಿ-ಬಟನ್ ಇರುವ ಪ್ರೋಗ್ರಾಂ) ಆಗಿದ್ದರೆ ನಿಮ್ಮ ಕ್ವೆರಿಯನ್ನು 1175 ಎರರ್ ಕೊಟ್ಟು ತಡೆಯುತ್ತಿತ್ತು. ಕಮಾಂಡ್ ಲೈನ್‌ನಲ್ಲಿ ಆ ಕಾವಲು ಬೇಕಾದರೆ ಸೇಫ್-ಅಪ್‌ಡೇಟ್ಸ್ ಆಪ್ಷನ್ ಕೊಟ್ಟು ಒಳಗೆ ಹೋಗಬೇಕು. ಅದಕ್ಕೆ ಮೈಎಸ್‌ಕ್ಯೂಎಲ್‌ನವರೇ ಇಟ್ಟ ಇನ್ನೊಂದು ಹೆಸರು ಐ-ಆಮ್-ಎ-ಡಮ್ಮಿ!

ಸಾಲುಲೆಕ್ಕ
ಲೆಕ್ಕ ನೋಡಿ. 812ರಲ್ಲಿ 140 ಕಳೆದರೆ 672 ನಲ್ ಆಗಬೇಕಿತ್ತು. 695 ಆಗಿದೆ, ಅಂದರೆ ಹೊಸದರದ 23 ಕೋಡ್‌ಗಳಿಗೆ ಜೋಡಿ ಸಿಕ್ಕಿಲ್ಲ. ಎಕ್ಸೆಲ್ ಮೇಲೆ ಅನುಮಾನ: ದರಪಟ್ಟಿ ತೆರೆಯುವಾಗಲೇ ಕೋಡನ್ನು ಸಂಖ್ಯೆ ಅಂದುಕೊಂಡು 00457 ಎಂಬುದನ್ನು 457 ಮಾಡಿರಬಹುದು. ಹೊಸದರ ಹ ಲೆಫ್ಟ್ ಜಾಯಿನ್ ಸರಕು ಸ ಮಾಡಿ, ವೇರ್ ಸ.ಕೋಡ್ ಈಸ್ ನಲ್ ಹಾಕಿದರೆ ಆ 23 ಎದುರಿಗೆ ಬರುತ್ತವೆ.

ಸೊನ್ನೆ ತುಂಬಲು ಎಲ್‌ಪ್ಯಾಡ್(ಕೋಡ್, 5, '0'). ಆದರೆ ಐದಕ್ಕಿಂತ ಉದ್ದದ ಕೋಡ್ ಇದ್ದರೆ ಎಲ್‌ಪ್ಯಾಡ್ ಬಾಲ ಕತ್ತರಿಸುತ್ತದೆ. ಅದಕ್ಕೆ ಕ್ಯಾರ್_ಲೆಂತ್(ಕೋಡ್) < 5 ಇರುವ ಸಾಲುಗಳಿಗೆ ಮಾತ್ರ ಹಾಕಿ.

ಇನ್ನೊಂದು, ಜಾಯಿನ್ ಬಗ್ಗೆ. ಹೊಸದರದಲ್ಲಿ ಒಂದೇ ಕೋಡ್ ಎರಡು ಸಲ ಇದ್ದಿದ್ದರೆ ನಿಮ್ಮ ಹಳೆಯ ಕ್ವೆರಿ 1242 ಎರರ್ ಕೊಟ್ಟು ನಿಲ್ಲುತ್ತಿತ್ತು. ಜಾಯಿನ್ ನಿಲ್ಲುವುದಿಲ್ಲ; ಎರಡರಲ್ಲಿ ಯಾವುದೋ ಒಂದು ಬೆಲೆ ಹಾಕಿ ಸುಮ್ಮನಿರುತ್ತದೆ. ಸೊನ್ನೆ ತುಂಬಿದ ಮೇಲೆ ಹೊಸದಾಗಿ ಒಂದೇ ಕೋಡ್ ಎರಡು ಸಲ ಆಗಿರಬಹುದು. ಗ್ರೂಪ್ ಬೈ ಕೋಡ್ ಹ್ಯಾವಿಂಗ್ ಕೌಂಟ್(*) > 1 ಹಾಕಿ ನೋಡದೆ ಮುಂದೆ ಹೋಗಬೇಡಿ.

ಡಂಪ್‌ಕಾವಲು
ಇದಕ್ಕೆಲ್ಲ ಮೊದಲು ಹಳೆ ಬೆಲೆ ವಾಪಸ್ ತನ್ನಿ. ಡಂಪನ್ನು ನೇರವಾಗಿ ಅದೇ ಡೇಟಾಬೇಸ್‌ಗೆ ಸುರಿಯಬೇಡಿ: ಅದರಲ್ಲಿ ಡ್ರಾಪ್ ಟೇಬಲ್ ಇರುತ್ತದೆ, ಇವತ್ತಿನ ಮಾರಾಟದ ಎಂಟ್ರಿಗಳೂ ಹೋಗುತ್ತವೆ. ‘ಹಳೆಯದು’ ಎಂಬ ಖಾಲಿ ಡೇಟಾಬೇಸ್ ಮಾಡಿ ಅಲ್ಲಿಗೆ ಹಾಕಿ. ಹಾಕುವ ಮುಂಚೆ ಫೈಲ್ ತೆರೆದು ಯೂಸ್ ಎಂಬ ಸಾಲು ಇದೆಯಾ ನೋಡಿ. ಇದ್ದರೆ ನೀವು ಎಲ್ಲಿಗೆ ಸುರಿದರೂ ಅದು ಮೂಲ ಡೇಟಾಬೇಸ್‌ಗೇ ಹೋಗುತ್ತದೆ. ಆಮೇಲೆ:

ಅಪ್‌ಡೇಟ್ ಸರಕು ಸ ಜಾಯಿನ್ ಹಳೆಯದು.ಸರಕು ಪ ಆನ್ ಪ.ಕೋಡ್ = ಸ.ಕೋಡ್ ಸೆಟ್ ಸ.ಬೆಲೆ = ಪ.ಬೆಲೆ ವೇರ್ ಸ.ಬೆಲೆ ಈಸ್ ನಲ್;

‘= ನಲ್’ ಎಂದು ಬರೆದರೆ ಒಂದು ಸಾಲೂ ಬದಲಾಗದು.

ಕಲಿಕೆಗಾರ
ಬೆಲೆಗಳು ವಾಪಸ್ ಬಂದವು. 23ರಲ್ಲಿ 19ರ ಆರಂಭದ ಸೊನ್ನೆ ಬಿದ್ದುಹೋಗಿತ್ತು, ಸರಿಮಾಡಿದೆ. ಉಳಿದ 4 ಹೊಸ ಸರಕು. ಅವು ಅಪ್‌ಡೇಟ್‌ನಿಂದ ಬರಲ್ಲ ಅಲ್ವಾ?

ಸಾಲುಲೆಕ್ಕ
ಬರಲ್ಲ. ಅದೇ ಲೆಫ್ಟ್ ಜಾಯಿನ್ ಸೆಲೆಕ್ಟ್ ಮುಂದೆ ಇನ್ಸರ್ಟ್ ಇಂಟು ಸರಕು (ಕೋಡ್, ಬೆಲೆ) ಹಾಕಿ. 1364 ಎರರ್ ಬಂದರೆ ಹೆಸರಿನಂಥ ಕಡ್ಡಾಯ ಕಾಲಂ ಬಿಟ್ಟುಹೋಗಿದೆ ಅಂತ ಅರ್ಥ; ನಾಲ್ಕೇ ಇರುವುದರಿಂದ ಕೈಯಲ್ಲೇ ತುಂಬಿಬಿಡಿ.